ಪರಸ್ಥಳದ ಕೂಲಿಕಾರರೂ ಗ್ರಾಮಸ್ಥರ ಹೊಣೆಯೂ

ಭೂಮಿ, ನೀರು, ಬೀಜ, ಗೊಬ್ಬರ ಈ ನಾಲ್ಕೂ ಸರಿಯಾಗಿದ್ದರೂ ಸಕಾಲದಲ್ಲಿ ಆಳುಗಳು ದೊರೆಯದಿದ್ದಲ್ಲಿ ಬೆಳೆಯು ಮನೆಗೆ ಬಾರದೆಂಬುದು ಸಾಗುವಳಿಯನ್ನು ಬಲ್ಲವರೆಲ್ಲರಿಗೂ ತಿಳಿದ ಸಂಗತಿಯಾಗಿದೆ. ಬೀಜ ಗೊಬ್ಬರಗಳ ವಿಷಯವಾಗಿ ರೈತ ಮಹಾಜನರು ಬಹಳ ವಿಚಾರ ಮಾಡುತ್ತಾರೆ. ಯಾವ ತಳಿಯನ್ನು ಎಲ್ಲಿಂದ ತರಿಸಬೇಕು, ಗೊಬ್ಬರವನ್ನು ಎಷ್ಟು ಹಾಕಬೇಕು ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ. ಆದರೆ ಅದೇ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರು ಯಾರು, ಎಲ್ಲಿಂದ ಬಂದರು, ಅವರ ಕೈಗೆ ಸೇರಿದ ಹಣವೆಷ್ಟು ಎಂಬುದನ್ನು ಬರೆದಿಡುವ ವಾಡಿಕೆ ಬಹುಮಟ್ಟಿಗೆ ಇಲ್ಲ. ಈ ಒಂದು ಕೊರತೆಯಿಂದ ಕೂಲಿಕಾರರಿಗೂ ಜಮೀನುದಾರರಿಗೂ ಒದಗುತ್ತಿರುವ ಹಾನಿಯು ಅಲ್ಪವಾದುದಲ್ಲ.

ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ಮಾರ್ಗದಲ್ಲಿರುವ ಹೊಳಲೂರನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮವಾಗಿ ತುಂಗಭದ್ರೆಯೆಂಬ ಹೆಸರಿನಿಂದ ಮುಂದಕ್ಕೆ ಹರಿಯುವ ಸೀಮೆ ಇದು. ಭತ್ತ, ಮೆಕ್ಕೆಜೋಳ, ಅಡಿಕೆ ಇವು ಸುತ್ತಲಿನ ಮುಖ್ಯ ಬೆಳೆಗಳು. ಮುಂಗಾರಿನ ನಾಟಿಯು ಕೆಲವೇ ವಾರಗಳಲ್ಲಿ ಮುಗಿಯಬೇಕು. ಅದು ಮುಗಿಯುತ್ತಿರುವಂತೆಯೇ ಅಡಿಕೆ ಕೊಯ್ಲು ಮೊದಲಾಗಿ, ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಚಳಿಗಾಲದವರೆಗೂ ಕೆಲಸ ಬೆಳೆಯುತ್ತದೆ. ಊರಿನ ಯುವಕರಲ್ಲಿ ಅನೇಕರು ಶಿವಮೊಗ್ಗ, ಭದ್ರಾವತಿ, ಬೆಂಗಳೂರುಗಳಲ್ಲಿ ಬೇರೆ ಉದ್ಯೋಗಗಳನ್ನು ಹಿಡಿದಿರುವುದರಿಂದ ಸ್ಥಳದ ಆಳುಗಳಿಂದಲೇ ಇಷ್ಟೆಲ್ಲವೂ ಆಗುವಂತಿಲ್ಲ. ಆದಕಾರಣ ಇಂಥ ಸೀಮೆಗಳಿಗೆ ಪರಸ್ಥಳದವರು ಬರುತ್ತಾರೆ. ಮಳೆ ಕೈಕೊಟ್ಟ ವರ್ಷ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಕಡೆಯ ಬಯಲು ಊರುಗಳಿಂದಲೂ ತಾಂಡಾಗಳಿಂದಲೂ ಜನರು ಗುಳೆ ಹೊರಡುವುದು ಹಳೆಯ ಮಾತು. ಈಚಿನ ವರ್ಷಗಳಲ್ಲಿ ರಾಜ್ಯದ ಭತ್ತದ ಗದ್ದೆಗಳಲ್ಲಿಯೂ ತೋಟಗಳಲ್ಲಿಯೂ ಬಿಹಾರ, ಪಶ್ಚಿಮ ಬಂಗಾಳ, ಒಡಿಶಾ, ಅಸ್ಸಾಮುಗಳಿಂದ ಬಂದ ಗುಂಪುಗಳು ಕೆಲಸ ಮಾಡುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ.

ಹೀಗೆ ಬಂದವರ ಸ್ಥಿತಿಯನ್ನು ಒಂದು ಕ್ಷಣ ಆಲೋಚಿಸಬೇಕು. ಊರಿನಲ್ಲಿ ಅವರಿಗೆ ಬಂಧುಗಳಿಲ್ಲ. ಅನೇಕರಿಗೆ ಭಾಷೆಯೂ ಬಾರದು. ಪಡಿತರ ಚೀಟಿ ಇದ್ದರೂ ಅದು ಹುಟ್ಟೂರಿನಲ್ಲಿರುತ್ತದೆ, ಮತವೂ ಅಲ್ಲಿಯೇ. ಆದುದರಿಂದ ಅವರ ಕಷ್ಟವನ್ನು ಕೇಳುವವರು ಹುಟ್ಟೂರಿನಲ್ಲಿಯೂ ಇಲ್ಲ, ಬಂದ ಊರಿನಲ್ಲಿಯೂ ಇಲ್ಲವೆಂಬಂತಾಗಿದೆ. ಅವರಿಗೂ ಊರಿಗೂ ನಡುವೆ ಇರತಕ್ಕವನು ಮೇಸ್ತ್ರಿ ಒಬ್ಬನೇ. ಜಮೀನುದಾರನು ಬಲ್ಲುದು ಮೇಸ್ತ್ರಿಯ ಫೋನ್ ನಂಬರನ್ನು ಮಾತ್ರ.

ಹೆಸರು ಬರೆದಿಡದ ತಪ್ಪು ಎಂಥದೆಂಬುದನ್ನು ಶಿವಮೊಗ್ಗ ತಾಲ್ಲೂಕು ಒಮ್ಮೆ ಕಣ್ಣಾರೆ ಕಂಡಿದೆ. 2021ನೆಯ ಇಸವಿ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸ್ಫೋಟಕಗಳು ಸಿಡಿದು ಆರು ಮಂದಿ ಮೃತರಾದರು. ಭೂಮಿ ಅದುರಿದ್ದು ಬಹು ದೂರದವರೆಗೆ ತಿಳಿಯಿತು; ಸತ್ತವರು ಯಾರೆಂಬುದು ಮಾತ್ರ ಬೇಗ ತಿಳಿಯಲಿಲ್ಲ. ಮೊದಲಿಗೆ ಬಿಹಾರದ ಕೂಲಿಗಳೆಂದು ಸುದ್ದಿ ಹಬ್ಬಿತು. ಆಮೇಲೆ ವಿಚಾರಿಸಲಾಗಿ ಅವರಲ್ಲಿ ಭದ್ರಾವತಿಯವರೂ ಆಂಧ್ರಪ್ರದೇಶದವರೂ ಇದ್ದುದು ಗೊತ್ತಾಯಿತು. ಕೆಲಸಗಾರರ ಪಟ್ಟಿ ಇಲ್ಲದ ಸ್ಥಳದಲ್ಲಿ ಸತ್ತವನು ಮೊದಲು ಪರದೇಶಿಯಾಗುತ್ತಾನೆ. ಅವನು ನೆರೆಯೂರಿನವನೇ ಆಗಿದ್ದರೂ ಈ ಮಾತು ತಪ್ಪುವುದಿಲ್ಲ. ಗದ್ದೆ ತೋಟಗಳಲ್ಲಿ ಸ್ಫೋಟಕಗಳಿಲ್ಲವಾದರೂ ಅಪಾಯಗಳು ಬೇಕಾದಷ್ಟಿವೆ. ಅಡಿಕೆ ಕೊನೆ ಇಳಿಸುವ ಫೈಬರ್ ದೋಟಿಯು ವಿದ್ಯುತ್ ತಂತಿಗೆ ತಗುಲಬಹುದು. ಮರ ಏರಿದವನು ಕೆಳಗೆ ಬೀಳಬಹುದು. ಗುಡಿಸಲಿನಲ್ಲಿ ಮಲಗಿದವನನ್ನು ಹಾವು ಕಚ್ಚಬಹುದು. ಔಷಧಿ ಸಿಂಪಡಿಸುವವನಿಗೆ ವಿಷ ಏರಬಹುದು. ಆ ಗಳಿಗೆಯಲ್ಲಿ ಅವನ ಹೆಸರು, ಊರು, ಮನೆಯವರ ಫೋನ್ ನಂಬರು ಇವು ಮೇಸ್ತ್ರಿಯ ತಲೆಯಲ್ಲಿ ಮಾತ್ರ ಇದ್ದರೆ ಸಾಲದು.

ಎರಡನೆಯ ಸಂಗತಿ ಮುಂಗಡ ಹಣದ್ದು. ಇದರ ಹಿಂದಿನ ಕಥೆ ದೀರ್ಘವಾದುದು. ಮಲೆನಾಡಿನ ಕಾಫಿ ತೋಟಗಳಿಗೆ ಘಟ್ಟದ ಕೆಳಗಿನಿಂದಲೂ ಬೇರೆ ಕಡೆಗಳಿಂದಲೂ ಆಳುಗಳನ್ನು ಮುಂಗಡ ಕೊಟ್ಟು ಕರೆತರುವ ಪದ್ಧತಿ ಬ್ರಿಟಿಷರ ಕಾಲದಿಂದ ಇತ್ತು. 1859ನೆಯ ಇಸವಿಯ 13ನೆಯ ಆಕ್ಟಿನ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಕಾರನನ್ನು ಮ್ಯಾಜಿಸ್ಟ್ರೇಟರು ಮೂರು ತಿಂಗಳವರೆಗೆ ಸೆರೆಮನೆಗೆ ಕಳುಹಿಸಬಹುದಾಗಿತ್ತು. ಸಾಲ ತೀರಿಸಲಾರದ ಬಡವನಿಗೆ ಸೆರೆವಾಸ ವಿಧಿಸುವ ಆ ಆಕ್ಟನ್ನು ರದ್ದುಗೊಳಿಸುವ ಕಾನೂನು 1925ನೆಯ ಇಸವಿಯಲ್ಲಿ ಆಯಿತು. ಅಲ್ಲಿಂದ ಐವತ್ತು ವರ್ಷಗಳಲ್ಲಿ ನ್ಯಾಯದ ತಕ್ಕಡಿ ಪೂರ್ತಿಯಾಗಿ ತಿರುಗಿತು. 1976ನೆಯ ಇಸವಿಯ ಜೀತ ಪದ್ಧತಿ ರದ್ದಿಯಾತಿ ಕಾನೂನು ಜೀತಕ್ಕೆ ಕಾರಣವಾದ ಸಾಲವನ್ನೇ ಇಲ್ಲವಾಗಿಸಿತು. ಈಗ ಸಾಲ ಕೊಟ್ಟು ಆಳನ್ನು ಕಟ್ಟಿಹಾಕುವವನೇ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗತಕ್ಕವನು.

ಆದರೆ ಜೀತವೆಂದರೆ ಹಿಂದಿನ ಕಾಲದಂತೆ ತಲೆಮಾರಿನಿಂದ ತಲೆಮಾರಿಗೆ ಒಬ್ಬ ಒಡೆಯನ ಮನೆಯಲ್ಲಿ ದುಡಿಯುವುದು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ನಲವತ್ತು ದಿನಗಳ ಕೆಲಸದಲ್ಲಿಯೂ ಜೀತವು ಹೇಗೆ ಹುಟ್ಟಬಹುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದಾಗಿದೆ. ಹತ್ತು ಮಂದಿಯ ಗುಂಪೊಂದು ದಿನವೊಂದಕ್ಕೆ ತಲೆಗೆ 500 ರೂಪಾಯಿನಂತೆ 40 ದಿನ ಕೆಲಸ ಮಾಡಲು ಒಪ್ಪಿತೆಂದು ಇಟ್ಟುಕೊಳ್ಳಬಹುದು. ತಲೆಗೆ ಕೂಲಿ 20,000 ರೂಪಾಯಿ. ಒಟ್ಟು ಎರಡು ಲಕ್ಷ. ಜಮೀನುದಾರನು ಒಂದು ಲಕ್ಷವನ್ನು ಮುಂಗಡವಾಗಿಯೂ ಉಳಿದ ಒಂದು ಲಕ್ಷವನ್ನು ಕಡೆಯಲ್ಲಿಯೂ ಮೇಸ್ತ್ರಿಯ ಕೈಗೆ ಕೊಡುತ್ತಾನೆ. ಮೇಸ್ತ್ರಿಯು ಮುಂಗಡದಲ್ಲಿ ತಲೆಗೆ 6,000 ಮಾತ್ರ ಹಂಚಿ, 4,000ವನ್ನು ತನ್ನ ದಸ್ತೂರಿಯೆಂದೂ ರೈಲು ಖರ್ಚೆಂದೂ ಇಟ್ಟುಕೊಂಡು, ಕೂಲಿಕಾರನ ಹೆಸರಿನಲ್ಲಿ 10,000 ಎಂದು ಹೇಳುತ್ತಾನೆ. ಕಡೆಯಲ್ಲಿ ಊಟದ ಖರ್ಚೆಂದು ದಿನಕ್ಕೆ 100ರಂತೆ 4,000 ಹಿಡಿದು 6,000 ಕೈಗೆ ಕೊಡುತ್ತಾನೆ. ಕೂಲಿಕಾರನಿಗೆ ಊಟದ ಬೆಲೆಯೂ ಸೇರಿ ದೊರೆತದ್ದು 16,000. ದಿನಕ್ಕೆ 500 ಕೊಟ್ಟೆನೆಂದು ಜಮೀನುದಾರನು ನಂಬಿದ್ದಾನೆ. ದಿನಕ್ಕೆ 400 ಮಾತ್ರ ಸಿಕ್ಕಿತೆಂದು ಕೂಲಿಕಾರನು ನೊಂದುಕೊಂಡಿದ್ದಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಲವತ್ತು ದಿನಗಳಲ್ಲಿ ಎಂಟು ದಿನಗಳ ದುಡಿಮೆ ಮಧ್ಯದಲ್ಲಿ ಮಾಯವಾಗಿದೆ.

ಇನ್ನು ಅವನ ಮನೆಯಲ್ಲಿ ಯಾರಿಗೋ ಕಾಯಿಲೆಯಾಗಿ ಹದಿನೈದನೆಯ ದಿನವೇ ಊರಿಗೆ ಹೋಗಬೇಕಾಯಿತೆಂದು ತಿಳಿಯಬಹುದು. ಅವನು ದುಡಿದದ್ದು 7,500. ಊಟಕ್ಕೆ 1,500 ಹೋದರೆ ಉಳಿಯುವುದು 6,000. ಮೊದಲೇ ಪಡೆದದ್ದೂ 6,000. ಆದುದರಿಂದ ಅವನು ಯಾರಿಗೂ ಬಾಕಿಯಿಲ್ಲ. ಆದರೆ ಮೇಸ್ತ್ರಿಯ ಬಾಯಿಲೆಕ್ಕದಲ್ಲಿ ಅವನು ಇನ್ನೂ 4,000 ರೂಪಾಯಿ ಸಾಲಗಾರನು. ಸಾಲ ತೀರುವವರೆಗೆ ಹೋಗಕೂಡದೆಂದು ಅವನ ಆಧಾರ್ ಕಾರ್ಡನ್ನೋ ಫೋನನ್ನೋ ಕಿತ್ತಿಟ್ಟುಕೊಂಡ ಕ್ಷಣದಲ್ಲಿ ಜೀತವು ಹುಟ್ಟಿತು. ಇದು ನಡೆಯುವುದು ಜಮೀನುದಾರನ ತೋಟದ ಮನೆಯಲ್ಲಿ. ಅನೇಕವೇಳೆ ಅವನಿಗೆ ತಿಳಿಯದೆಯೇ. ತಿಳಿಯದೆ ನಡೆಯಿತೆಂಬುದು ಅವನ ಹೊಣೆಯನ್ನು ಕಡಿಮೆ ಮಾಡುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ಸಂಚರಿಸಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಬಲಾತ್ಕಾರದ ದುಡಿಮೆಯನ್ನು 23ನೆಯ ಅನುಚ್ಛೇದವು ನಿಷೇಧಿಸಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ 1982ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಪ್ರತಿ ಜಮೀನುದಾರನೂ ನೆನಪಿಡತಕ್ಕದ್ದಾಗಿದೆ. ಹಸಿವಿನ ಒತ್ತಾಯದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲಾತ್ಕಾರದ ದುಡಿಮೆಯೇ ಎಂದು ಆ ತೀರ್ಪು ಸಾರಿತು. ಅವನೇ ಒಪ್ಪಿ ಬಂದನು, ಒತ್ತಾಯ ಮಾಡಿದವರಾರು, ಎಂಬ ಪ್ರಶ್ನೆಗೆ ಅಂದಿನಿಂದ ಬೆಲೆಯಿಲ್ಲವಾಯಿತು.

ರಾಜ್ಯದಿಂದ ರಾಜ್ಯಕ್ಕೆ ಗುತ್ತಿಗೆಯ ಮೂಲಕ ಬಂದ ಕೆಲಸಗಾರರಿಗಾಗಿ 1979ನೆಯ ಇಸವಿಯಲ್ಲಿ ಪ್ರತ್ಯೇಕ ಕಾನೂನು ಆಯಿತು. ಸ್ಥಳದ ಕೂಲಿಕಾರನಿಗೆ ಸಲ್ಲುವ ಕೂಲಿಯೇ ಅವರಿಗೂ ಸಲ್ಲಬೇಕು, ಪ್ರಯಾಣದ ವೆಚ್ಚ ಕೊಡಬೇಕು, ವಾಸಕ್ಕೂ ಔಷಧೋಪಚಾರಕ್ಕೂ ಏರ್ಪಾಡಿರಬೇಕು, ಭಾವಚಿತ್ರವಿರುವ ಲೆಕ್ಕದ ಪುಸ್ತಕವು ಕೆಲಸಗಾರನ ಕೈಯಲ್ಲಿರಬೇಕು, ಗುತ್ತಿಗೆದಾರನು ಕೂಲಿ ಕೊಡದೆ ಹೋದ ಪಕ್ಷದಲ್ಲಿ ಮೂಲ ಮಾಲೀಕನೇ ಕೊಡಬೇಕು ಎಂಬ ವಿಧಿಗಳು ಅದರಲ್ಲಿದ್ದವು. 2025ನೆಯ ಇಸವಿ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾನೂನಿನ ಸ್ಥಾನವನ್ನು ಪಡೆದಿವೆ. ಮೊದಲು ಐದು ಮಂದಿ ವಲಸೆ ಕೆಲಸಗಾರರಿದ್ದಲ್ಲಿಗೆ ಅನ್ವಯಿಸುತ್ತಿದ್ದ ವಿಧಿಗಳು ಈಗ ಹತ್ತು ಮಂದಿ ಇದ್ದಲ್ಲಿಗೆ ಅನ್ವಯಿಸುತ್ತವೆ. ಹಳ್ಳಿಯ ಸಣ್ಣ ಹಿಡುವಳಿಗಳಲ್ಲಿ ಆರೇಳು ಮಂದಿಯ ಗುಂಪುಗಳೇ ಹೆಚ್ಚು. ಅಂಥವರ ಮಟ್ಟಿಗೆ ಕಾನೂನಿನ ಈ ಭಾಗವು ಕೈಗೆಟುಕದಂತಿದೆ. ಆದಾಗ್ಯೂ ಕನಿಷ್ಠ ಕೂಲಿಯ ವಿಧಿಗೂ, ಗಂಡಸು ಹೆಂಗಸರೆಂಬ ಭೇದವಿಲ್ಲದೆ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ವಿಧಿಗೂ, ಜೀತ ನಿಷೇಧಕ್ಕೂ ತಲೆಯೆಣಿಕೆಯ ಮಿತಿಯಿಲ್ಲವೆಂಬುದನ್ನು ಮರೆಯಬಾರದು. ಕಾನೂನಿನ ಕೈ ಚಿಕ್ಕದಾದ ಕಡೆಯಲ್ಲಿ ಊರಿನ ಯಜಮಾನರ ಕೈ ದೊಡ್ಡದಾಗಬೇಕು.

ಹಿಂದೆ ಗ್ರಾಮಕ್ಕೆ ಯಾರು ಬಂದರು, ಯಾರು ಹೋದರು ಎಂಬುದು ಪಟೇಲರಿಗೂ ಶ್ಯಾನುಭೋಗರಿಗೂ ತಿಳಿದಿರುತ್ತಿತ್ತು. 1961ನೆಯ ಇಸವಿಯ ಕಾನೂನಿನಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದುದು ಯುಕ್ತವೇ ಆಗಿದೆ. ಆದರೆ ಹುದ್ದೆಯೊಡನೆ ಊರಿನ ಅರಿವೂ ಹೋಗಬೇಕಾಗಿರಲಿಲ್ಲ. ಈಗ ಆ ಹೊಣೆ ಗ್ರಾಮ ಪಂಚಾಯಿತಿಯ ಅಧ್ಯಕ್ಷರ ಮೇಲೆಯೂ ಸದಸ್ಯರ ಮೇಲೆಯೂ ಊರಿನ ಹಿರಿಯರ ಮೇಲೆಯೂ ಇರುತ್ತದೆ.

ಇಲ್ಲಿ ಕೆಲವು ಆಕ್ಷೇಪಣೆಗಳು ಬರುವುದು ಸಹಜ. ಮುಂಗಡ ಪಡೆದವರು ರಾತ್ರೋರಾತ್ರಿ ಓಡಿಹೋದರೆ ಗತಿಯೇನೆಂದು ಜಮೀನುದಾರರು ಕೇಳುತ್ತಾರೆ. ಈ ಭಯ ಹುಸಿಯಲ್ಲ. ನಾಟಿಯ ನಡುವೆ ಆಳುಗಳು ಹೋದರೆ ಸಸಿಮಡಿಯಲ್ಲಿಯೇ ಪೈರು ಬಲಿತು ನಷ್ಟವಾಗುತ್ತದೆ. ಆದರೆ ಓಡಿಹೋಗುವವನು ಏಕೆ ಓಡಿಹೋಗುತ್ತಾನೆಂಬುದನ್ನೂ ಕೇಳಬೇಕು. ವಾರಕ್ಕೊಮ್ಮೆ ತನ್ನ ದುಡಿಮೆಯ ಹಣವನ್ನು ತನ್ನ ಕೈಯಲ್ಲಿಯೇ ಕಾಣುವವನು ಓಡಿಹೋಗಲು ಕಾರಣ ಕಡಿಮೆ. ದೊಡ್ಡ ಮುಂಗಡ, ಕಡೆಯಲ್ಲಿ ದೊಡ್ಡ ಬಾಕಿ ಎಂಬ ಪದ್ಧತಿಯೇ ಎರಡೂ ಕಡೆಯ ಮೋಸಕ್ಕೆ ಬಾಗಿಲು ತೆರೆಯುತ್ತದೆ. ಸಣ್ಣ ಮುಂಗಡ, ವಾರದ ಬಟವಾಡೆ ಎಂಬ ಪದ್ಧತಿಯಲ್ಲಿ ಇಬ್ಬರಿಗೂ ನಷ್ಟದ ಭಯವು ಒಂದು ವಾರದ ಮಟ್ಟಿಗೆ ಮಾತ್ರ ಇರುತ್ತದೆ.

ತೋಟವನ್ನು ಖೇಣಿಗೆ ಕೊಟ್ಟ ಮೇಲೆ ಆಳುಗಳ ಚಿಂತೆ ಖೇಣಿದಾರನದು, ತೋಟದವನಿಗೇನು ಎಂಬುದು ಇನ್ನೊಂದು ಮಾತು. ಫಸಲನ್ನು ಖೇಣಿಗೆ ಕೊಟ್ಟರೂ ಬಾವಿ, ಮನೆ, ವಿದ್ಯುತ್ ತಂತಿ, ಕೊಟ್ಟಿಗೆ ಇವು ತೋಟದವನದೇ. ತನ್ನ ಅಂಗಳದಲ್ಲಿ ಅಡಿಕೆ ಸುಲಿಯುತ್ತಿರುವ ಹೆಂಗಸಿಗೆ ಶೌಚದ ಸ್ಥಳವಿದೆಯೋ ಇಲ್ಲವೋ ಎಂಬುದನ್ನು ನೋಡದೆ ಇರುವುದು ಗೃಹಸ್ಥಧರ್ಮಕ್ಕೆ ಒಪ್ಪತಕ್ಕದ್ದಲ್ಲ. ಖೇಣಿಯ ಕರಾರಿನಲ್ಲಿಯೇ ಆಳುಗಳ ವಾಸ, ನೀರು, ಬಟವಾಡೆಗಳ ಷರತ್ತನ್ನು ಬರೆಸಿದಲ್ಲಿ ತೋಟದವನಿಗೆ ಖರ್ಚೂ ಬೀಳುವುದಿಲ್ಲ, ಅಪವಾದವೂ ತಟ್ಟುವುದಿಲ್ಲ.

ಮೂರನೆಯದು ಸಂಶಯ. ಗುರುತಿಲ್ಲದ ಜನರು, ಕಳ್ಳರಿರಬಹುದು, ಪರದೇಶದವರಿರಬಹುದು ಎಂಬ ಮಾತು ಊರಿನ ಕಟ್ಟೆಗಳಲ್ಲಿ ಕೇಳಿಬರುತ್ತದೆ. ಬಂಗಾಳಿ ಮಾತನಾಡಿದ ಮಾತ್ರಕ್ಕೆ ಯಾವನೂ ಪರದೇಶದವನಾಗುವುದಿಲ್ಲ. ಅದು ಭಾರತದ ಕೋಟ್ಯಂತರ ಪ್ರಜೆಗಳ ಮಾತೃಭಾಷೆ. ಸಂದೇಹವಿದ್ದಲ್ಲಿ ವಿಚಾರಣೆ ನಡೆಸತಕ್ಕವರು ಸರ್ಕಾರದ ಅಧಿಕಾರಿಗಳೇ ಹೊರತು ಗುಂಪು ಸೇರಿದ ಜನರಲ್ಲ. ಆಶ್ರಯ ಬೇಡಿ ಬಂದ ಪರದೇಶದವನೇ ಆಗಿದ್ದರೂ ಅವನ ಪ್ರಾಣಕ್ಕೂ ಮಾನಕ್ಕೂ 21ನೆಯ ಅನುಚ್ಛೇದದ ರಕ್ಷೆಯಿದೆ. ಅದು ಪ್ರಜೆಗಳಿಗೆ ಮಾತ್ರವಲ್ಲದೆ ಪ್ರತಿಯೊಬ್ಬ ವ್ಯಕ್ತಿಗೂ ಸಲ್ಲುವಂಥದು. 2018ನೆಯ ಇಸವಿಯ ಮೇ ತಿಂಗಳಲ್ಲಿ ಮಕ್ಕಳ ಕಳ್ಳನೆಂಬ ಸುಳ್ಳು ವದಂತಿಯನ್ನು ನಂಬಿದ ಗುಂಪೊಂದು ಬೆಂಗಳೂರಿನಲ್ಲಿ ರಾಜಸ್ಥಾನದಿಂದ ಬಂದಿದ್ದ ಕೂಲಿಕಾರನೊಬ್ಬನನ್ನು ಹೊಡೆದು ಕೊಂದಿತು. ಅವನ ಹೆಸರನ್ನು ಬಲ್ಲ ಸ್ಥಳದ ಗಣ್ಯನೊಬ್ಬನು ಆ ಹೊತ್ತಿಗೆ ಮುಂದೆ ಬಂದಿದ್ದರೆ ಆ ಪ್ರಾಣ ಉಳಿಯುತ್ತಿತ್ತೋ ಏನೋ. ಪಟ್ಟಿಯೆಂಬುದು ಬಂದವರ ಮೇಲೆ ಕಾವಲಿಡುವ ಸಾಧನವಾಗಬಾರದು. ಇವರು ಈ ಊರಿಗೆ ಕೆಲಸಕ್ಕೆ ಬಂದವರು, ಇವರನ್ನು ಊರು ಬಲ್ಲದು ಎಂಬುದಕ್ಕೆ ಸಾಕ್ಷಿಯಾಗಬೇಕು.

ನೆಲೆ ತಪ್ಪಿದವರ ಕಷ್ಟವನ್ನು ಶಿವಮೊಗ್ಗ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1964ನೆಯ ಇಸವಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯು ಪೂರ್ಣವಾದಾಗ ಶರಾವತಿಯ ಕಣಿವೆಯ ಊರುಗಳು ಮುಳುಗಿ, ಅಲ್ಲಿನ ಕುಟುಂಬಗಳು ಜಿಲ್ಲೆಯ ಬೇರೆ ತಾಲ್ಲೂಕುಗಳಿಗೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹೋಗಿ ನೆಲೆಸಬೇಕಾಯಿತು. ನಾಡಿಗೆ ಬೆಳಕು ಕೊಟ್ಟ ಆ ಜನರಲ್ಲಿ ಅನೇಕರು ಅರವತ್ತು ವರ್ಷಗಳಾದರೂ ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯಬೇಕಾಗಿ ಬಂದಿತು. ಒಂದು ಕಾಗದದಲ್ಲಿ ಹೆಸರಿಲ್ಲದಿದ್ದರೆ ಮನುಷ್ಯನ ಗತಿ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕಾಗಿಲ್ಲ. ಅದೇ ದಶಕದಲ್ಲಿ ಕರ್ನಾಟಕವು ತನ್ನ ಔದಾರ್ಯವನ್ನೂ ತೋರಿಸಿತು. ನೆಲೆಯಿಲ್ಲದೆ ಬಂದ ಟಿಬೆಟ್ಟಿನ ಜನರಿಗೆ 1960ರಲ್ಲಿ ಬೈಲಕುಪ್ಪೆಯಲ್ಲಿಯೂ 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲೆ ದೊರೆಯಿತು; ಕಾಡು ಕಡಿದು ಅವರು ಮಾಡಿದ ಸಾಗುವಳಿಯನ್ನು ಇಂದಿಗೂ ಕಾಣಬಹುದು. ನೆಲೆ ಕೊಟ್ಟ ಊರು ಕೆಡಲಿಲ್ಲ.

2020ನೆಯ ಇಸವಿಯ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಲಕ್ಷಾಂತರ ಕೂಲಿಕಾರರು ಹೆದ್ದಾರಿಗಳಲ್ಲಿ ನಡೆದುಹೋದುದು ಯಾರಿಗೂ ಮರೆತಿಲ್ಲ. ಎಷ್ಟು ಜನರು, ಯಾವ ಊರಿನವರು, ಎಲ್ಲಿಗೆ ಹೋಗಬೇಕಾದವರು ಎಂಬುದಕ್ಕೆ ಆಗ ಸರಿಯಾದ ಪಟ್ಟಿಯೇ ಇರಲಿಲ್ಲ. ಆ ಅನುಭವದಿಂದ ಎರಡು ಒಳ್ಳೆಯ ಏರ್ಪಾಡುಗಳು ಬಲಗೊಂಡವು. ಅಸಂಘಟಿತ ಕೆಲಸಗಾರರ ನೋಂದಣಿಗಾಗಿ 2021ರ ಆಗಸ್ಟ್ 26ರಂದು ಇ-ಶ್ರಮ್ ಆರಂಭವಾಯಿತು. ಹುಟ್ಟೂರಿನ ಪಡಿತರ ಚೀಟಿಯಿಂದಲೇ ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯುವ ಒಂದು ದೇಶ ಒಂದು ಪಡಿತರ ಚೀಟಿ ಎಂಬ ಯೋಜನೆಯು ಎಲ್ಲ ರಾಜ್ಯಗಳಿಗೂ ಹರಡಿತು. ಆದರೆ ಕನ್ನಡ ಬಾರದ ಕೂಲಿಕಾರನು ಅಂಗಡಿಯ ಮುಂದೆ ನಿಂತು ಇದನ್ನು ಕೇಳಿ ಪಡೆಯುವುದು ಕಷ್ಟ. ಊರಿನವರೊಬ್ಬರು ಜೊತೆಗೆ ಹೋದರೆ ಅರ್ಧ ಗಂಟೆಯ ಕೆಲಸ.

ಮೇಲೆ ಹೇಳಿದ ಕಾರಣಗಳಿಂದ ಹೊಳಲೂರಿನಂಥ ಗ್ರಾಮಗಳ ಮುಖಂಡರೂ ಜಮೀನುದಾರರೂ ಬರುವ ನಾಟಿಯ ಕಾಲಕ್ಕೆ ಮುಂಚೆ ಈ ಕೆಳಕಂಡ ಏರ್ಪಾಡುಗಳನ್ನು ಮಾಡಿಕೊಳ್ಳುವುದು ಯುಕ್ತವಾಗಿರುತ್ತದೆ.

1. ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕವಿಟ್ಟು, ಕೆಲಸಕ್ಕೆ ಬಂದ ಪ್ರತಿಯೊಬ್ಬರ ಹೆಸರು, ಊರು, ಮನೆಯವರ ಫೋನ್ ನಂಬರು, ಯಾರ ಜಮೀನಿನಲ್ಲಿ ಕೆಲಸ, ಮೇಸ್ತ್ರಿ ಯಾರು ಎಂಬುದನ್ನು ಬರೆಯತಕ್ಕದ್ದು. ಗುರುತಿನ ಕಾಗದಗಳನ್ನು ನೋಡಿ ಕೂಡಲೇ ಹಿಂದಕ್ಕೆ ಕೊಡತಕ್ಕದ್ದು. ಯಾರೂ ಅವನ್ನು ಇಟ್ಟುಕೊಳ್ಳಕೂಡದು.

2. ಮುಂಗಡವನ್ನೂ ಕೂಲಿಯನ್ನೂ ಕೂಲಿಕಾರನ ಕೈಗೇ, ಇಲ್ಲವೆ ಅವನ ಅಥವಾ ಅವಳ ಸ್ವಂತ ಬ್ಯಾಂಕ್ ಖಾತೆಗೇ ಸಲ್ಲಿಸಬೇಕು. ಹೆಂಡತಿಯ ಕೂಲಿಯನ್ನು ಗಂಡನ ಲೆಕ್ಕದಲ್ಲಿ ಸೇರಿಸಬಾರದು. ಮೇಸ್ತ್ರಿಯ ದಸ್ತೂರಿಯನ್ನು ಬೇರೆಯಾಗಿ ಕೊಡಬೇಕೇ ಹೊರತು ಕೂಲಿಯಲ್ಲಿ ಮುರಿಯಬಾರದು.

3. ದಿನದ ಹಾಜರಿ, ಕೂಲಿ, ಮುಂಗಡ, ಬಾಕಿ ಈ ನಾಲ್ಕು ಕಲಮುಗಳ ಚಿಕ್ಕ ಪುಸ್ತಕವೊಂದು ಕೂಲಿಕಾರನ ಕೈಯಲ್ಲಿರಬೇಕು. ಅಂಕೆಗಳನ್ನು ಓದಲು ಭಾಷೆಯ ತೊಡಕಿಲ್ಲ.

4. ವಾಸದ ಗುಡಿಸಲು ಎತ್ತರದ ನೆಲದಲ್ಲಿರಬೇಕು; ಔಷಧಿ, ಗೊಬ್ಬರಗಳನ್ನಿಡುವ ಕೋಣೆಯಲ್ಲಿ ಜನರನ್ನು ಮಲಗಿಸಬಾರದು. ಕುಡಿಯುವ ನೀರು, ದೀಪ, ಶೌಚಸ್ಥಳ ಇವು ದಾನವಲ್ಲ, ಕೂಲಿಯಷ್ಟೇ ಅವಶ್ಯಕವಾದ ಬಾಧ್ಯತೆಗಳು.

5. ಜೊತೆಗೆ ಬಂದ ಎಳೆಯ ಮಕ್ಕಳನ್ನು ಅಂಗನವಾಡಿಗೂ, 6 ರಿಂದ 14 ವರ್ಷದವರನ್ನು ಶಾಲೆಗೂ ಸೇರಿಸಬೇಕು. ವಯಸ್ಸಿನ ಪ್ರಮಾಣಪತ್ರವಾಗಲಿ ವರ್ಗಾವಣೆ ಪತ್ರವಾಗಲಿ ಇಲ್ಲವೆಂಬ ಕಾರಣದಿಂದ ಶಾಲೆಯು ನಿರಾಕರಿಸುವಂತಿಲ್ಲವೆಂದು 2009ನೆಯ ಇಸವಿಯ ಶಿಕ್ಷಣ ಹಕ್ಕಿನ ಕಾನೂನು ಹೇಳುತ್ತದೆ.

6. ಯಾರನ್ನಾದರೂ ಸಾಲದ ನೆಪದಿಂದ ತಡೆದಿಟ್ಟಿರುವುದು ತಿಳಿದುಬಂದಲ್ಲಿ ಊರಿನ ಮಾನ ಹೋಗುತ್ತದೆಂದು ಮುಚ್ಚಿಡದೆ ತಹಸೀಲ್ದಾರರಿಗೂ ಉಪವಿಭಾಗಾಧಿಕಾರಿಗಳಿಗೂ ತಿಳಿಸಬೇಕು. ಮುಚ್ಚಿಟ್ಟುದರಿಂದಲೇ ಊರಿನ ಮಾನ ಹೋಗತಕ್ಕದ್ದು.

ಇವುಗಳಲ್ಲಿ ಹೆಚ್ಚು ಖರ್ಚಿನದು ಒಂದೂ ಇಲ್ಲ. ಫಲವಾದರೋ ಕೂಲಿಕಾರರಿಗೆ ಮಾತ್ರವಲ್ಲ. ಯಾವ ಊರಿನಲ್ಲಿ ಲೆಕ್ಕ ನೆಟ್ಟಗಿದೆ, ಯಾವ ಯಜಮಾನನು ಕೈಗೇ ಹಣ ಕೊಡುತ್ತಾನೆ, ಎಲ್ಲಿ ಹೆಂಗಸರು ಭಯವಿಲ್ಲದೆ ಮಲಗಬಹುದು ಎಂಬ ಸುದ್ದಿ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಬೇಗ ಹರಡುತ್ತದೆ. ಆಳುಗಳ ಅಭಾವದ ವರ್ಷದಲ್ಲಿ ಅಂಥ ಊರಿನ ಗದ್ದೆಗಳು ಮೊದಲು ನಾಟಿಯಾಗುತ್ತವೆ. ಬೀಜವನ್ನು ನಂಬಿಕೆಯ ಮನೆಯಿಂದ ತರುವಂತೆ ಆಳುಗಳೂ ನಂಬಿಕೆಯ ಮನೆಗೆ ಬರುತ್ತಾರೆ.

ಒಕ್ಕಲಾದ ಮೇಲೆ ಕಣದಲ್ಲಿ ರಾಶಿಪೂಜೆ ಮಾಡಿ, ಆಯಗಾರರಿಗೂ ಬಡಬಗ್ಗರಿಗೂ ಅವರವರ ಪಾಲನ್ನು ಅಳೆದು ಕೊಟ್ಟ ಹೊರತು ಧಾನ್ಯವನ್ನು ಮನೆಗೆ ಒಯ್ಯಬಾರದೆಂಬುದು ಈ ನಾಡಿನ ಹಿರಿಯರ ಕಟ್ಟಳೆಯಾಗಿತ್ತು. ಆಯಗಾರರು ಈಗಿಲ್ಲ, ಅವರ ಜಾಗದಲ್ಲಿ ದೂರದ ಊರಿನಿಂದ ಬಂದವರು ನಿಂತಿದ್ದಾರೆ. ಅವರ ಪಾಲನ್ನು ಕಡಿಮೆಯಾಗದಂತೆ ಅಳೆದು, ಅವರ ಹೆಸರಿನಲ್ಲಿ ಬರೆದು, ಅವರ ಕೈಗೇ ಕೊಟ್ಟ ಮೇಲೆ ಉಳಿದ ರಾಶಿಯು ಮನೆಗೆ ಹೋಗತಕ್ಕದ್ದು.